ಕಲ್ಲು ತೆಗೆದ ಜಾಗದಲ್ಲಿ ದ್ರಾಕ್ಷಿ: ಅಪ್ಪನ ಜೊತೆ ಮೊಲ್ಡೋವಾದ ನೆಲದಡಿಗೆ

ಮೊಲ್ಡೋವಾ ಅಂದರೆ ಎಲ್ಲಿದೆ ಎಂದು ಕೇಳುವವರೇ ಜಾಸ್ತಿ. ರೊಮೇನಿಯಾ ಮತ್ತು ಉಕ್ರೇನ್ ನಡುವಿನ ಸಣ್ಣ ದೇಶ. ಕರ್ನಾಟಕದ ಐದನೇ ಒಂದು ಭಾಗದಷ್ಟೂ ಇಲ್ಲ. 1991ರವರೆಗೆ ಸೋವಿಯತ್ ಒಕ್ಕೂಟದಲ್ಲಿತ್ತು. ದ್ರಾಕ್ಷಿ ಬೆಳೆಯುವವರಿಗೆ ಮಾತ್ರ ಇದು ದೊಡ್ಡ ದೇಶ. ಇಷ್ಟು ಸಣ್ಣ ಜಾಗದಲ್ಲಿ ಒಂದು ಲಕ್ಷ ಹೆಕ್ಟೇರಿಗೂ ಮೀರಿ ದ್ರಾಕ್ಷಿ ಪಡ ಇದೆ. ಆ ದ್ರಾಕ್ಷಿಯಿಂದ ಮಾಡಿದ ವೈನ್ ಇಡಲು ನೆಲದ ಕೆಳಗೆ ಊರೂರುಗಳೇ ಇವೆ.

ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ. ಅಪ್ಪ ದ್ರಾಕ್ಷಿ ಬೆಳೆಗಾರ. ಥಾಮ್ಸನ್ ಎಂಬ ಬೀಜವಿಲ್ಲದ ತಳಿ ಬೆಳೆದು ಒಣದ್ರಾಕ್ಷಿ ಮಾಡುತ್ತಾರೆ. ನಾನು ಕೆಲಸಕ್ಕಾಗಿ ರೊಮೇನಿಯಾದ ರಾಜಧಾನಿ ಬುಖಾರೆಸ್ಟ್‌ನಲ್ಲಿದ್ದೇನೆ. ಅಪ್ಪ ನನ್ನನ್ನು ನೋಡಲು ಬಂದಾಗ ಪ್ಯಾರಿಸ್ ತೋರಿಸುವ ಯೋಚನೆ ಇತ್ತು. ಅವರು ಬೇಡ ಅಂದರು. ಈ ನೆಲಮಾಳಿಗೆಗಳ ಫೋಟೊ ನೋಡಿ, "ಅಲ್ಲಿಗೇ ಹೋಗೂಣು" ಎಂದರು.

ಗುರುವಾರ ರಾತ್ರಿ

ಬುಖಾರೆಸ್ಟ್‌ನ ಗಾರಾ ದೆ ನೋರ್ಡ್ ನಿಲ್ದಾಣದಿಂದ ಮೊಲ್ಡೋವಾದ ರಾಜಧಾನಿ ಕಿಶಿನೌಗೆ ಒಂದು ರಾತ್ರಿ ರೈಲಿದೆ. ಹೆಸರು ಪ್ರಿಯೆಟೆನಿಯಾ. ಹಳೆಯ ಸೋವಿಯತ್ ಕಾಲದ ಸ್ಲೀಪರ್ ಬೋಗಿಗಳು. ಕಿಟಕಿಗೆ ಪರದೆ, ನೆಲಕ್ಕೆ ಜಮಖಾನೆ. ವಿಮಾನದಲ್ಲಿ ಒಂದು ಗಂಟೆಯ ದಾರಿಯನ್ನು ಇದು ರಾತ್ರಿಯಿಡೀ ಸಾಗುತ್ತದೆ. ಆದರೂ ರೈಲೇ ಸರಿ ಎಂದೆ. ಕಾರಣ ಗಡಿಯಲ್ಲಿ ನಡೆಯುವ ಕೆಲಸ.

ರೊಮೇನಿಯಾದ ಹಳಿ 1,435 ಮಿ.ಮೀ. ಅಗಲ. ಮೊಲ್ಡೋವಾದ್ದು ಸೋವಿಯತ್ ಅಳತೆ, 1,520 ಮಿ.ಮೀ. ಹಾಗಾಗಿ ಉಂಗೆನಿ ಎಂಬ ಗಡಿ ಊರಲ್ಲಿ ಬೋಗಿಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಜನ ಒಳಗೇ ಕೂತಿರುವಾಗ ಇಡೀ ಬೋಗಿಯನ್ನು ಜ್ಯಾಕ್ ಹಾಕಿ ಮೇಲೆತ್ತುತ್ತಾರೆ. ಹಳೆಯ ಚಕ್ರಗಳನ್ನು ಹೊರಗೆ ಉರುಳಿಸಿ ಹೊಸದನ್ನು ಕೂರಿಸುತ್ತಾರೆ. ಕತ್ತಲಲ್ಲಿ ಬೋಗಿ ಮೆಲ್ಲಗೆ ಏಳುವಾಗ ಅಪ್ಪ ಎಚ್ಚರಾಗಿ ಕಿಟಕಿಗೆ ಹಣೆ ಒತ್ತಿ ಕೂತರು. ಕೆಳಗೆ ಕೆಲಸ ಮಾಡುತ್ತಿದ್ದವನು ಸುತ್ತಿಗೆಯಿಂದ ಕಬ್ಬಿಣ ತಟ್ಟಿ ಶಬ್ದ ಕೇಳಿಸಿಕೊಂಡು ಮುಂದೆ ಹೋಗುತ್ತಿದ್ದ. ಪಾಸ್‌ಪೋರ್ಟ್ ತಪಾಸಣೆಯವರು ಬೋಗಿಯೊಳಗೇ ಬಂದು ಮುದ್ರೆ ಒತ್ತಿ ಹೋದರು.

ಶುಕ್ರವಾರ

ಕಿಶಿನೌ ತಲುಪಿದ್ದು ಬೆಳಗ್ಗೆ. ಹಸಿರು ಜಾಸ್ತಿ ಇರುವ, ಗಡಿಬಿಡಿ ಕಮ್ಮಿ ಇರುವ ರಾಜಧಾನಿ. ಮುಖ್ಯ ರಸ್ತೆಗೆ 1457ರಿಂದ 1504ರವರೆಗೆ ಆಳಿದ ದೊರೆ ಸ್ತೆಫಾನ್ ಚೆಲ್ ಮಾರೆಯ ಹೆಸರು. ಈ ಊರು ಎರಡನೇ ಮಹಾಯುದ್ಧದಲ್ಲಿ ಹೆಚ್ಚುಕಡಿಮೆ ನೆಲಸಮವಾಗಿತ್ತು. ಅದಕ್ಕೂ ಮುಂಚೆ 1940ರ ಭೂಕಂಪದ ಪೆಟ್ಟು ಬೇರೆ. ಯುದ್ಧ ಮುಗಿದ ಮೇಲೆ ಮತ್ತೆ ಕಟ್ಟಿದ್ದು ಬಿಳಿ ಸುಣ್ಣದ ಕಲ್ಲಿನಿಂದ. ಆ ಕಲ್ಲಿನ ಇಟ್ಟಿಗೆಗೆ ಇಲ್ಲಿ ಕೊತಿಲೆಟ್ಸ್ ಅನ್ನುತ್ತಾರೆ. ಗರಗಸದಿಂದ ಕೊಯ್ಯಬಹುದಾದಷ್ಟು ಮೆತ್ತನೆಯ ಕಲ್ಲು. ಸರ್ಕಾರಿ ಕಟ್ಟಡ, ಫ್ಲಾಟ್, ಕಂಪೌಂಡ್ ಗೋಡೆ, ಎಲ್ಲದಕ್ಕೂ ಅದೇ.

ಇಷ್ಟು ಕಲ್ಲು ತೆಗೆದ ಮೇಲೆ ಅಲ್ಲೆಲ್ಲೋ ಅಷ್ಟೇ ದೊಡ್ಡ ಗುಂಡಿ ಆಗಿರಬೇಕಲ್ವಾ? ಆ ಗುಂಡಿಗಳನ್ನೇ ನೋಡಲು ನಾವು ಬಂದದ್ದು.

ಮೊದಲು ಕ್ರಿಕೋವಾ. ನಗರದಿಂದ ಉತ್ತರಕ್ಕೆ ಸುಮಾರು 15 ಕಿ.ಮೀ. ಹೊರಗೆ ಒಂದು ಗೇಟು, ಟಿಕೆಟ್ ಕೊಠಡಿ, ಮರಗಳು. ಎಲೆಕ್ಟ್ರಿಕ್ ಗಾಡಿಗೆ ಹತ್ತಿಸಿಕೊಂಡು ಹೋಗುತ್ತಾರೆ. ಮೂರು ನಾಲ್ಕು ತೆರೆದ ಡಬ್ಬಿಗಳನ್ನು ಪೋಣಿಸಿದ ಪುಟಾಣಿ ರೈಲಿನ ಥರದ್ದು. ಬಾಗಿಲು ದಾಟಿದ್ದೇ ತಡ, ಬಿಸಿಲು ಹಿಂದೆ ಬಿತ್ತು, ಚಳಿ ಮುಖಕ್ಕೆ ಬಂತು. ಒಳಗೆ ವರ್ಷವಿಡೀ 12ರಿಂದ 14 ಡಿಗ್ರಿ. ಬೇಸಿಗೆ, ಹಿಮಗಾಲ ಯಾವುದೂ ಲೆಕ್ಕಕ್ಕಿಲ್ಲ. ಅಪ್ಪನಿಗೆ ಸ್ವೆಟರ್ ಹಾಕಿಸಿದ್ದು ಒಳ್ಳೆಯದಾಯಿತು.

ಒಟ್ಟು 120 ಕಿ.ಮೀ. ಸುರಂಗ. ಎಲ್ಲವೂ ಕಲ್ಲು ತೆಗೆದ ದಾರಿಗಳೇ. ಲಾರಿ ಓಡಾಡುವಷ್ಟು ಅಗಲ. ತಿರುವುಗಳಲ್ಲಿ ಟ್ರಾಫಿಕ್ ಫಲಕಗಳಿವೆ. ಗೋಡೆಗೆ ರಸ್ತೆಯ ಹೆಸರು, ಅದೂ ದ್ರಾಕ್ಷಿ ತಳಿಗಳದ್ದೇ: ಕಬರ್ನೆ ರಸ್ತೆ, ಪಿನೋ ರಸ್ತೆ, ಫೆತ್ಯಾಸ್ಕಾ ರಸ್ತೆ. ಗಣಿಯಲ್ಲಿ ವೈನ್ ಇಡುವ ಈ ಯೋಜನೆ ಶುರುವಾದದ್ದು 1952ರಲ್ಲಿ. ವೈನ್ ತಜ್ಞರಾದ ಪೆಟ್ರು ಉಂಗುರ್ಯಾನು ಮತ್ತು ನಿಕೊಲಾಯ್ ಸೊಬೊಲೆವ್ ಇದರ ಹಿಂದಿದ್ದವರು. ಖಾಲಿ ಗಣಿ ಕಂಡರೆ ಬೇರೆಯವರು ಬೇಲಿ ಹಾಕಿ ಬಿಡುತ್ತಿದ್ದರು. ಇವರು ಅದರ ಗಾಳಿಯನ್ನು ಅಳೆದು ನೋಡಿದರು.

ಗಾಡಿ ನಿಂತ ಒಂದು ಕಡೆ ನಾನು ಗೋಡೆಯ ಹತ್ತಿರ ಹೋದೆ. ಗರಗಸದ ಗೆರೆಗಳು ಇನ್ನೂ ಹಾಗೇ ಇವೆ, ಓರೆಯಾಗಿ, ಒಂದರ ಪಕ್ಕ ಒಂದು. ಗೆರೆಗಳ ನಡುವೆ ಪುಟ್ಟ ಪುಟ್ಟ ಚಿಪ್ಪುಗಳು. ಉಗುರಿನಷ್ಟು ಅಗಲದ ಚಿಪ್ಪು, ಅದರ ಮೇಲಿನ ಏಣುಗಳನ್ನು ಬೇಕಾದರೆ ಎಣಿಸಬಹುದು. ಕೋಟಿ ವರ್ಷಗಳ ಹಿಂದೆ ಇಲ್ಲಿ ಸರ್ಮೇಶಿಯನ್ ಅನ್ನುವ ಸಮುದ್ರ ಇತ್ತು. ಅದರ ಜೀವಿಗಳ ಚಿಪ್ಪೇ ಒತ್ತಿಕೊಂಡು ಈ ಕಲ್ಲಾಗಿದೆ. ಬೆರಳಿಟ್ಟರೆ ಕಲ್ಲು ಒದ್ದೆ. ಒಳಗಿನ ತೇವಾಂಶ 97-98 ಪರ್ಸೆಂಟ್ ಎಂದು ಗೈಡ್ ಹುಡುಗಿ ಹೇಳಿದಳು. ಬಾಟಲಿಯ ಕಾರ್ಕ್ ಒಣಗದೇ ಇರಲು ಇದೇ ಕಾರಣ. ಕಾರ್ಕ್ ಒಣಗಿ ಕುಗ್ಗಿದರೆ ಗಾಳಿ ಒಳಗೆ ನುಗ್ಗಿ ವೈನ್ ಕೆಡುತ್ತದೆ.

ಅಪ್ಪ ಅಷ್ಟೂ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಕರೆಂಟ್ ಬಿಲ್ ಎಷ್ಟ ಬರ್ತದಂತ ಕೇಳವ್ವಾ."

ಕೇಳಿದೆ. ದೀಪಕ್ಕೆ, ಗಾಡಿಗೆ, ಯಂತ್ರಕ್ಕೆ ಕರೆಂಟ್ ಬೇಕು, ತಂಪಿಗೆ ಬೇಡ ಎಂದಳು. ಅಪ್ಪ ಸುಮ್ಮನಾದರು. ನನಗೆ ಅವರ ಲೆಕ್ಕ ಗೊತ್ತು. ನಮ್ಮ ಕಡೆ ಫೆಬ್ರವರಿ, ಮಾರ್ಚ್‌ನಲ್ಲಿ ದ್ರಾಕ್ಷಿ ಕಟಾವು. ಶೆಡ್ಡಿನಲ್ಲಿ ಜಾಳಿಗೆಯ ಮೇಲೆ ಹರವಿ, ನೆರಳಲ್ಲಿ ಒಣಗಿಸಿ, ಮಣೂಕ ಮಾಡಿದ ಮೇಲೆ ಶುರುವಾಗುತ್ತದೆ ಚಿಂತೆ. ರೇಟು ಬಿದ್ದಿದ್ದರೆ ಸಾಂಗ್ಲಿ, ತಾಸಗಾಂವ್ ಕಡೆಯ ಕೋಲ್ಡ್ ಸ್ಟೋರೇಜ್‌ನಲ್ಲಿ ಇಡಬೇಕು. ದಿನ ಹೋದಂತೆ ಬಾಡಿಗೆ ಏರುತ್ತದೆ. ಕಾದಷ್ಟೂ ನಷ್ಟ, ಮಾರಿದರೂ ನಷ್ಟ. ಇಲ್ಲಿ ಕಾಯುವುದಕ್ಕೆ ಬಾಡಿಗೆಯೇ ಇಲ್ಲ. ಮೇಲಾಗಿ ಕಾದಷ್ಟೂ ಮಾಲಿನ ಬೆಲೆ ಏರುತ್ತದೆ.

ಮುಂದೆ ಗುಳ್ಳೆ ಬರುವ ವೈನ್ ಮಾಡುವ ವಿಭಾಗ. ಇಲ್ಲಿ ಎರಡನೇ ಸಲದ ಹುದುಗು ಬಾಟಲಿಯೊಳಗೇ ಆಗುತ್ತದೆ. ವೈನಿಗೆ ಸ್ವಲ್ಪ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ಬಾಟಲಿ ಮುಚ್ಚುತ್ತಾರೆ. ಒಳಗೆ ಹುಟ್ಟಿದ ಗ್ಯಾಸ್ ಹೊರಗೆ ಹೋಗಲಾರದೆ ವೈನಿನಲ್ಲೇ ಕರಗುತ್ತದೆ. ಒತ್ತಡ 6 ಅಟ್ಮಾಸ್ಫಿಯರ್ ಹತ್ತಿರ. ಬಾಟಲಿ ದಪ್ಪ ಗಾಜಿನದ್ದಾಗಿರುವುದು ಅದಕ್ಕೇ. ಕೊನೆಗೆ ಸತ್ತ ಯೀಸ್ಟಿನ ಗಸಿ ತಳದಲ್ಲಿ ಉಳಿಯುತ್ತದೆ. ಅದನ್ನು ಕಾರ್ಕಿನ ಕಡೆ ಇಳಿಸಲು ತೂತು ಕೊರೆದ ಓರೆ ಹಲಗೆಗಳಿಗೆ ಬಾಟಲಿಗಳನ್ನು ತಲೆಕೆಳಗಾಗಿ ಸಿಕ್ಕಿಸಿ, ದಿನವೂ ಸ್ವಲ್ಪ ಸ್ವಲ್ಪ ತಿರುಗಿಸಬೇಕು.

ಒಬ್ಬ ಹೆಂಗಸು ಆ ಕೆಲಸ ಮಾಡುತ್ತಿದ್ದರು. ಐವತ್ತರ ಆಸುಪಾಸು ವಯಸ್ಸು. ತಲೆಗೆ ವಸ್ತ್ರ, ದಪ್ಪ ಸ್ವೆಟರ್. ಎರಡೂ ಕೈಯಲ್ಲಿ ಒಂದೊಂದು ಬಾಟಲಿಯ ಬುಡ ಹಿಡಿಯುತ್ತಾರೆ, ಚಕ್ಕನೆ ಅತ್ತ ಇತ್ತ ಅಲುಗಿಸಿ ಒಂದಿಷ್ಟು ತಿರುಗಿಸಿ ಬಿಡುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ. ಕಣ್ಣು ಬಾಟಲಿಯ ಮೇಲಿಲ್ಲ. ಕೈಗೇ ಎಲ್ಲಾ ಗೊತ್ತು. ಕೆಲವು ಬಾಟಲಿಗಳ ಬುಡಕ್ಕೆ ಬಿಳಿ ಬಣ್ಣದ ಗೀಟು, ಎಷ್ಟು ತಿರುಗಿದೆ ಎಂದು ನೋಡಲು. ಇಂಥ ಕೆಲಸಕ್ಕೆ ಯಂತ್ರ ಬಂದು ಎಷ್ಟೋ ಕಾಲವಾಗಿದೆ. ಇಲ್ಲಿ ಇನ್ನೂ ಕೈಯಲ್ಲೇ ಮಾಡುತ್ತಾರೆ. ಅವರು ಸಾಲು ಮುಗಿಸುವವರೆಗೂ ಅಪ್ಪ ಅಲ್ಲಿಂದ ಕದಲಲಿಲ್ಲ.

ಆಮೇಲೆ ಮ್ಯೂಸಿಯಂ ಮತ್ತು ಹಳೆಯ ವೈನುಗಳ ಸಂಗ್ರಹ. ಕ್ರಿಕೋವಾವನ್ನು ದೇಶದ ಸಾಂಸ್ಕೃತಿಕ ಆಸ್ತಿ ಎಂದು ಕಾನೂನು ಮಾಡಿ ಘೋಷಿಸಿದ್ದಾರೆ. ಗೂಡುಗಳಲ್ಲಿ ಮಲಗಿಸಿಟ್ಟ ಬಾಟಲಿಗಳ ಮೇಲೆ ಕಪ್ಪು ಬೂಷ್ಟು, ಧೂಳು. ಅದನ್ನು ಬೇಕೆಂದೇ ಒರೆಸುವುದಿಲ್ಲ. ಇಲ್ಲಿನ ಅತಿ ಹಳೆಯ ಬಾಟಲಿ 1902ರದ್ದು. ಯಹೂದಿಗಳ ಪಾಸೋವರ್ ಹಬ್ಬಕ್ಕಾಗಿ ಜೆರುಸಲೇಂನಲ್ಲಿ ಮಾಡಿದ ಸಿಹಿ ವೈನ್. ಇನ್ನೊಂದು ಭಾಗದಲ್ಲಿ ನಾಜಿ ನಾಯಕ ಹರ್ಮನ್ ಗೋರಿಂಗ್ ಕೂಡಿಟ್ಟಿದ್ದ ಬಾಟಲಿಗಳಿವೆ. ಯುದ್ಧದ ಕೊನೆಯಲ್ಲಿ ಸೋವಿಯತ್ ಸೇನೆ ವಶಪಡಿಸಿಕೊಂಡು ತಂದದ್ದು. ಯುರೋಪಿನ ಯಾರ್ಯಾರದೋ ಮನೆಗಳಿಂದ ಲೂಟಿ ಹೊಡೆದ ಮಾಲು ಕೂಡ ಅದರಲ್ಲಿ ಇರಬಹುದು ಅನ್ನಿಸಿ ನನಗೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲು ಮನಸ್ಸಾಗಲಿಲ್ಲ. 1902ರ ಬಾಟಲಿಯೂ ಗೋರಿಂಗ್ ಬಾಟಲಿಗಳೂ ಒಂದೇ ಸೂರಿನಡಿ ಇರುವುದು ನೋಡಿ ಸಂಕಟವಾಯಿತು.

ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ ಯೂರಿ ಗಗಾರಿನ್ 1966ರ ಅಕ್ಟೋಬರ್‌ನಲ್ಲಿ ಇಲ್ಲಿಗೆ ಬಂದಿದ್ದರು. 8ನೇ ತಾರೀಖು ಒಳಗೆ ಹೋದವರು 9ಕ್ಕೆ ಹೊರಗೆ ಬಂದರು. ಈ ಕಥೆಯನ್ನು ಇಲ್ಲಿ ಎಲ್ಲರೂ ಪ್ರೀತಿಯಿಂದ ಹೇಳುತ್ತಾರೆ. ದೊಡ್ಡವರು ಬಂದ ಫೋಟೊಗಳು ಗೋಡೆ ತುಂಬ ಇವೆ. ಅದನ್ನು ಬೇಗ ದಾಟಿದೆವು.

ರುಚಿ ನೋಡುವ ಕೋಣೆಗಳು ಹಲವು. ಒಂದರ ಅಲಂಕಾರ ಸಮುದ್ರದ ತಳದಂತಿದೆ, ಇನ್ನೊಂದರದ್ದು ಇಲ್ಲಿನ ಹಳ್ಳಿಮನೆಯ ದೊಡ್ಡ ಕೋಣೆಯಂತೆ. ಅಪ್ಪ ಲಿಂಗಧಾರಿ, ಕುಡಿಯುವವರಲ್ಲ. ಗೈಡ್ ಹುಡುಗಿಗೆ ಹೇಳಿದ್ದಕ್ಕೆ ಅವಳು ಒಂಚೂರೂ ಬೇಸರ ಮಾಡದೆ ಗಾಜಿನ ಲೋಟದಲ್ಲಿ ದ್ರಾಕ್ಷಿ ರಸ ತಂದಿಟ್ಟಳು. ವೈನಿನ ಲೋಟವನ್ನು ಅಪ್ಪ ಮೂಗಿನ ಹತ್ತಿರ ಹಿಡಿದು ವಾಸನೆ ಮಾತ್ರ ನೋಡಿದರು. "ಇದು ಕಾಳ್ ದ್ರಾಕ್ಷಿ, ಬೀಜದ್ದು" ಎಂದರು. ಹೌದು, ಅದು ಫೆತ್ಯಾಸ್ಕಾ ನ್ಯಾಗ್ರಾ. ಈ ನೆಲದ್ದೇ ಕಪ್ಪು ತಳಿ. ನಾನು ಕುಡಿದೆ. ಒಣಗಿದ ಪ್ಲಮ್ ಹಣ್ಣಿನ ರುಚಿ, ಕೊನೆಗೆ ಚೂರು ಒಗರು.

ರಾತ್ರಿ ಊಟಕ್ಕೆ ಮಮಲೀಗಾ. ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿಯಾಗಿ ಮುದ್ದೆಯ ಹಾಗೆ ತಿರುವಿ, ಕುರಿ ಹಾಲಿನ ಚೀಸ್ ಮತ್ತು ಹುಳಿ ಕೆನೆ ಜೊತೆ ಕೊಡುತ್ತಾರೆ. ಅಪ್ಪ ಅದನ್ನು ಎರಡು ಸಲ ಹಾಕಿಸಿಕೊಂಡರು. ಆಮೇಲೆ ಊರಿಗೆ ಫೋನ್. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ನಡೆಯುತ್ತಿತ್ತು, ತಮ್ಮನೇ ನೋಡಿಕೊಳ್ಳುತ್ತಿದ್ದ. "ಪೇಸ್ಟ್ ಹಚ್ಚೀರೇನು? ಮ್ವಾಡ ಅದ ಏನು?" ಇವೆರಡೇ ಪ್ರಶ್ನೆ, ಹತ್ತು ನಮೂನೆಯಲ್ಲಿ.

ಶನಿವಾರ

ಈ ದಿನ ದಕ್ಷಿಣಕ್ಕೆ, ಮಿಲೆಷ್ತಿ ಮಿಚ್. ಇದು ಕ್ರಿಕೋವಾಗಿಂತಲೂ ದೊಡ್ಡದು. ಒಟ್ಟು 200 ಕಿ.ಮೀ. ಸುರಂಗ, ಅಂದರೆ ವಿಜಯಪುರದಿಂದ ಹುಬ್ಬಳ್ಳಿವರೆಗಿನ ದೂರ. ಅದರಲ್ಲಿ ವೈನಿಗೆ ಬಳಸುತ್ತಿರುವುದು ಸುಮಾರು 55 ಕಿ.ಮೀ. ಬಾಗಿಲ ಹತ್ತಿರ ಎರಡು ಕಾರಂಜಿಗಳು, ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಬಿಳಿ ವೈನಿನ ಬಣ್ಣದ ನೀರು. ಫೋಟೊ ತೆಗೆಸಿಕೊಳ್ಳುವವರ ಸಾಲು.

ಇಲ್ಲಿ ನಮ್ಮ ಕಾರಿನಲ್ಲೇ ಒಳಗೆ ಹೋಗಬಹುದು. ಗೈಡ್ ಮುಂದಿನ ಸೀಟಿನಲ್ಲಿ ಕೂತು ದಾರಿ ಹೇಳುತ್ತಾ ಹೋಗುತ್ತಾನೆ. ಟ್ಯಾಕ್ಸಿಯವನು ಹೆಡ್‌ಲೈಟ್ ಹಾಕಿದ. ಎರಡೂ ಕಡೆ ಆಳೆತ್ತರದ ಓಕ್ ಪೀಪಾಯಿಗಳು, ಕಿಲೋಮೀಟರುಗಟ್ಟಲೆ. ಒಂದೊಂದರ ಮುಖದ ಮೇಲೂ ಒಂದು ಚೀಟಿ: ಯಾವ ದ್ರಾಕ್ಷಿ, ಯಾವ ವರ್ಷ, ಎಷ್ಟು ಲೀಟರ್. ಆಳ 30 ಮೀಟರಿನಿಂದ 85 ಮೀಟರಿನವರೆಗೆ. ವರ್ಷಕ್ಕೊಮ್ಮೆ ಈ ದಾರಿಗಳಲ್ಲಿ 10 ಕಿ.ಮೀ. ಓಟದ ಸ್ಪರ್ಧೆ ಕೂಡ ಮಾಡುತ್ತಾರಂತೆ.

2005ರಲ್ಲಿ ಗಿನ್ನೆಸ್ ಪುಸ್ತಕ ಇದನ್ನು ಜಗತ್ತಿನ ಅತಿ ದೊಡ್ಡ ವೈನ್ ಸಂಗ್ರಹ ಎಂದು ದಾಖಲಿಸಿತು. ಸುಮಾರು 15 ಲಕ್ಷ ಬಾಟಲಿ. ಗೂಡುಗಳಿಗೆ ಕಬ್ಬಿಣದ ಬಾಗಿಲಿಲ್ಲ, ಬರೀ ಕಲ್ಲಿನ ಕಮಾನು. ಸಂಗ್ರಹ ಶುರುವಾದದ್ದು 1960ರ ದಶಕದ ಕೊನೆಯಲ್ಲಿ. ಆ ಕಾಲದ ಬಾಟಲಿಗಳು ಈಗಲೂ ಇವೆ.

ಇಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದು ಬಾಗಿಲು. ಗೈಡ್ ಒಂದು ಗೋಡೆಯ ಮುಂದೆ ನಿಲ್ಲಿಸಿದ. ಬರೀ ಗೋಡೆ. ಅವನು ಕೈ ಇಟ್ಟು ತಳ್ಳಿದ. ಗೋಡೆಯ ತುಂಡು ತಿರುಗಿ ಒಳಗೊಂದು ಕೋಣೆ ಕಂಡಿತು. ಬಾಗಿಲಿನ ಅಂಚನ್ನು ಪಕ್ಕದ ಕಲ್ಲಿನ ಸಂದಿಗೆ ಸರಿಯಾಗಿ ಕೂಡಿಸಿದ್ದರು, ಬೆರಳಾಡಿಸಿದರೂ ಗೊತ್ತಾಗದ ಹಾಗೆ. 1985ರಲ್ಲಿ ಸೋವಿಯತ್ ನಾಯಕ ಗೋರ್ಬಚೇವ್ ಸರ್ಕಾರ ಕುಡಿತದ ವಿರುದ್ಧ ದೊಡ್ಡ ಅಭಿಯಾನ ಶುರು ಮಾಡಿತು. ಆಗ ಹಳೆಯ ವೈನ್ ನಾಶವಾಗದಿರಲಿ ಎಂದು ಇಂಥ ಜಾಗಗಳಲ್ಲಿ ಬಚ್ಚಿಟ್ಟರು ಎಂದು ಅವನು ಹೇಳಿದ. ಬಾಟಲಿ ಬಚ್ಚಿಡಬಹುದು, ಬಳ್ಳಿ ಬಚ್ಚಿಡಲಾಗುವುದಿಲ್ಲ. ಆ ವರ್ಷಗಳಲ್ಲಿ ಮೊಲ್ಡೋವಾದಲ್ಲಿ ಎಷ್ಟೋ ದ್ರಾಕ್ಷಿ ಪಡಗಳನ್ನು ಕಿತ್ತು ಹಾಕಿಸಿದರು.

ನಾನು ಅದನ್ನು ಕನ್ನಡಕ್ಕೆ ಹೇಳುತ್ತಿದ್ದಂತೆ ಅಪ್ಪನ ಮುಖ ಬದಲಾಯಿತು. ಬರಗಾಲದಲ್ಲಿ ದುಡ್ಡು ಕೊಟ್ಟು ಟ್ಯಾಂಕರ್ ನೀರು ತರಿಸಿ ಬಳ್ಳಿಯ ಬುಡಕ್ಕೆ ಹಾಕಿ ಉಳಿಸಿಕೊಂಡವರು ಅವರು. "ಕುಡಿಯೂದು ಬಿಡಸಬೇಕಂದ್ರ ಬಿಡಸ್ಲಿ. ಬಳ್ಳಿ ಏನ್ ಮಾಡಿತ್ತು?" ಎಂದರು. ಕುಡಿತ ಕಂಡರಾಗದ ಮನುಷ್ಯ ಹೇಳಿದ ಮಾತು ಇದು. ನನಗೆ ಅದರಲ್ಲಿ ಯಾವ ವಿರೋಧವೂ ಕಾಣಲಿಲ್ಲ. ನೆಟ್ಟವರಿಗೆ ಬಳ್ಳಿ ಬೇರೆ, ಬಾಟಲಿ ಬೇರೆ.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಸ್ವತಂತ್ರವಾದ ಮೇಲೆ ಕೂಡ ಮೊಲ್ಡೋವಾದ ವೈನಿನ ಮುಕ್ಕಾಲು ಪಾಲು ಹೋಗುತ್ತಿದ್ದದ್ದು ರಷ್ಯಾಕ್ಕೇ. 2006ರಲ್ಲಿ ರಷ್ಯಾ ಇದ್ದಕ್ಕಿದ್ದಂತೆ ಇಲ್ಲಿನ ವೈನಿಗೆ ನಿಷೇಧ ಹಾಕಿತು. ಗುಣಮಟ್ಟ ಸರಿ ಇಲ್ಲ ಎಂಬುದು ಹೊರಗೆ ಹೇಳಿದ ಕಾರಣ, ಒಳಗಿದ್ದದ್ದು ರಾಜಕೀಯ. ಒಬ್ಬನೇ ಗಿರಾಕಿಯನ್ನು ನಂಬಿದ ಬೆಳೆಗಾರನ ಗತಿ ಏನಾಗುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮಾರನೆಯ ವರ್ಷ ನಿಷೇಧ ತೆಗೆದರು. 2013ರಲ್ಲಿ, ಮೊಲ್ಡೋವಾ ಯುರೋಪಿನ ಒಕ್ಕೂಟದ ಜೊತೆ ಒಪ್ಪಂದಕ್ಕೆ ಹೊರಟಾಗ, ಮತ್ತೆ ಹಾಕಿದರು. ಆಗ ಯುರೋಪ್ ತನ್ನ ಮಾರುಕಟ್ಟೆಯನ್ನು ಇಲ್ಲಿನ ವೈನಿಗೆ ಬೇಗ ತೆರೆಯಿತು. ಈಗ ಜಾಸ್ತಿ ಮಾಲು ಹೋಗುವುದು ಆ ಕಡೆಗೇ.

ಇಷ್ಟೆಲ್ಲ ಆಗುವಾಗ ಈ ನೆಲಮಾಳಿಗೆಗಳು ತಮ್ಮ ಪಾಡಿಗೆ 12-14 ಡಿಗ್ರಿಯಲ್ಲಿ ಇದ್ದವು. ಹಸಿ ಹಣ್ಣಿನ ಫಸಲು ಇಷ್ಟು ವರ್ಷ ತಾಳುವುದಿಲ್ಲ. ಪ್ರವಾಸಿಗಳು ಗಿನ್ನೆಸ್ ಲೆಕ್ಕ ಕೇಳಿ ಬೆರಗಾಗುತ್ತಾರೆ. ನನಗೆ ಮುಖ್ಯ ಅನ್ನಿಸಿದ್ದು ಮಾರುವ ದಿನವನ್ನು ಮುಂದೆ ಹಾಕಬಲ್ಲ ಈ ತಾಕತ್ತು. ನಮ್ಮ ರೈತರಿಗೆ ಇಲ್ಲದ್ದು ಅದೊಂದೇ.

ಸಂಜೆ ನಗರದ ನಡುವಿನ ಚೌಕದಲ್ಲಿ ವೈನ್ ಹಬ್ಬ. ಪ್ರತಿ ವರ್ಷ ಅಕ್ಟೋಬರಿನ ಮೊದಲ ಶನಿವಾರ, ಭಾನುವಾರ ನಡೆಯುತ್ತದೆ. ಕಂಪನಿಗಳ ಮಳಿಗೆ, ತೆಳು ಹಿಟ್ಟಿನೊಳಗೆ ಹೂರಣ ತುಂಬಿದ ಬಿಸಿ ಪ್ಲಚಿಂತಾ ಮಾಡುವವರು, ಬ್ಯಾಂಡು. ಕೈ ಕೈ ಹಿಡಿದು ಸುತ್ತಿನಲ್ಲಿ ಕುಣಿಯುವ ಹೋರಾ. ಕುಂಬಳಕಾಯಿ ತುಂಬಿದ ಪ್ಲಚಿಂತಾ ಬಹಳ ಚೆನ್ನಾಗಿತ್ತು. ಜನ ಜಾಸ್ತಿ, ಗದ್ದಲವೂ ಜಾಸ್ತಿ. ಬೇಗ ರೂಮಿಗೆ ಹೋದೆವು.

ಭಾನುವಾರ

ಕಿಶಿನೌದಿಂದ ಒಂದು ಗಂಟೆ ದೂರದ ಬುಟುಚೆನಿ ಹಳ್ಳಿಗೆ ಹೋದೆವು. ರೌಟ್ ನದಿ ಅಲ್ಲಿ ಸುಣ್ಣದ ಕಲ್ಲಿನ ಗುಡ್ಡವನ್ನು ಸುತ್ತಿ ಹರಿಯುತ್ತದೆ. ಗುಡ್ಡದಲ್ಲಿ ಸನ್ಯಾಸಿಗಳು ಕೊರೆದ ಗುಹಾಮಠ ಇದೆ. ಅದೇ ಕಲ್ಲು, ಅದೇ ಚಿಪ್ಪು. ಮಠದ ಕಿಟಕಿಯಿಂದ ಕೆಳಗೆ ನೋಡಿದರೆ ಇಡೀ ಕಣಿವೆ ಕಾಣುತ್ತದೆ.

ಹಳ್ಳಿಯಲ್ಲಿ ನಾವು ಊಟ ಮಾಡಿದ ಮನೆಯವರದ್ದು ಹಿತ್ತಲಲ್ಲೇ ಸಣ್ಣ ದ್ರಾಕ್ಷಿ ಪಡ. ಅಪ್ಪ ಊಟಕ್ಕೂ ಮುಂಚೆ ಅಲ್ಲಿಗೆ ನಡೆದರು. ಕಲ್ಲಿನ ಕಂಬಗಳಿಗೂ ತಂತಿಗೂ ನೀಲಿ ಕಲೆ. ಅಪ್ಪ ಉಗುರಲ್ಲಿ ಕೆರೆದು ನೋಡಿ, "ಬೋರ್ಡೋ!" ಎಂದರು. ಮನೆಯ ಯಜಮಾನನೂ "ಬೋರ್ಡೋ, ಬೋರ್ಡೋ" ಎಂದು ತಲೆಯಾಡಿಸಿದ. ಮೈಲುತುತ್ತ, ಸುಣ್ಣ ಕಲಸಿ ಡೌನಿ ರೋಗಕ್ಕೆ ಹೊಡೆಯುವ ಅದೇ ಔಷಧಿ. ಫ್ರಾನ್ಸಿನಲ್ಲಿ 1880ರ ದಶಕದಲ್ಲಿ ಹುಟ್ಟಿದ್ದು, ತಿಕೋಟಾದಲ್ಲೂ ಇದೆ, ಬುಟುಚೆನಿಯಲ್ಲೂ ಇದೆ.

ಆಮೇಲೆ ನನಗೆ ಉಸಿರಾಡಲು ಬಿಡುವಿರಲಿಲ್ಲ. ಆತ ರೊಮೇನಿಯನ್‌ನಲ್ಲಿ ಕೇಳುತ್ತಾನೆ, ಅಪ್ಪ ನಮ್ಮ ಮಾತಲ್ಲಿ ಉತ್ತರ ಕೊಡುತ್ತಾರೆ. ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತೇವೆ ಎಂದಾಗ ಆತ ನಂಬಲಿಲ್ಲ. ಇಲ್ಲಿ ಬಳ್ಳಿ ಚಳಿಗಾಲದಲ್ಲಿ ಪೂರ್ತಿ ಮಲಗುತ್ತದೆ. ಒಂದೇ ಚಾಟ್ನಿ, ಒಂದೇ ಫಸಲು. ನಮ್ಮ ಬಳ್ಳಿ ಮಲಗುವುದೇ ಇಲ್ಲ. ಏಪ್ರಿಲ್‌ನಲ್ಲಿ ಕಡ್ಡಿಗಾಗಿ ಕತ್ತರಿಸುತ್ತೇವೆ, ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ. ಅಪ್ಪ ಒಂದು ಕಡ್ಡಿ ಹಿಡಿದು ಎಷ್ಟನೇ ಕಣ್ಣಿಗೆ ಕತ್ತರಿಸುತ್ತೇವೆ ಎಂದು ತೋರಿಸಿದರು. ಆತ ಅದೇ ಕಡ್ಡಿ ಹಿಡಿದು ತಾನು ಎಲ್ಲಿ ಕತ್ತರಿಸುತ್ತೇನೆ ಎಂದು ತೋರಿಸಿದ.

ಅಡುಗೆಮನೆಯ ಪಕ್ಕದಲ್ಲಿ ಮೆಟ್ಟಿಲಿಳಿದರೆ ಬೆಚ್. ಇಲ್ಲಿನ ಹಳ್ಳಿಮನೆಗಳಲ್ಲಿ ಇರುವ ನೆಲಮಾಳಿಗೆ ಅದು. ತಗ್ಗಿ ನಡೆಯಬೇಕು. ಎರಡು ಪೀಪಾಯಿ, ಉಪ್ಪಿನಕಾಯಿ ಜಾಡಿಗಳು, ಮೂಲೆಯಲ್ಲಿ ಆಲೂಗಡ್ಡೆ. 2006ರಲ್ಲಿ ಏನು ಮಾಡಿದಿರಿ ಎಂದು ನಾನೇ ಕೇಳಿದೆ. ಆ ವರ್ಷ ವೈನರಿಯವರು ದ್ರಾಕ್ಷಿ ಕೊಳ್ಳಲಿಲ್ಲ, ಬಂದದ್ದನ್ನೆಲ್ಲ ಮನೆಯಲ್ಲೇ ಹಿಂಡಿದೆವು, ನೆಂಟರ ಮನೆಯ ಪೀಪಾಯಿಗಳನ್ನೂ ತಂದು ತುಂಬಿದೆವು ಎಂದ. ಮುಂದಿನ ಮೂರು ವರ್ಷ ಮದುವೆ ಮುಂಜಿಗಳಿಗೆ ಅದನ್ನೇ ಮಾರಿದರಂತೆ. ಪೂರಾ ದುಡ್ಡು ಬರಲಿಲ್ಲ, ಆದರೆ ಬಳ್ಳಿ ಕೀಳಲಿಲ್ಲ ಎಂದ. ಅಪ್ಪ ಅವನ ಹೆಗಲ ಮೇಲೆ ಕೈ ಇಟ್ಟರು.

ಹೋಗಬೇಕೆನ್ನುವವರಿಗೆ ಒಂದೆರಡು ಮಾತು. ಎರಡೂ ನೆಲಮಾಳಿಗೆಗಳಿಗೆ ಮೊದಲೇ ಬುಕ್ ಮಾಡಲೇಬೇಕು, ವೈನ್ ಹಬ್ಬದ ವಾರದಲ್ಲಂತೂ ತುಂಬಾ ಮೊದಲು. ಬೆಚ್ಚಗಿನ ಬಟ್ಟೆ ಇರಲಿ. ಕುಡಿಯದವರು ಬುಕ್ ಮಾಡುವಾಗಲೇ ತಿಳಿಸಿ. ಸಸ್ಯಾಹಾರಿಗಳಿಗೆ ಮಮಲೀಗಾ, ಪ್ಲಚಿಂತಾ ಎಲ್ಲ ಕಡೆ ಸಿಗುತ್ತದೆ. ಒಂದೇ ನೋಡಲು ಸಮಯ ಇದ್ದರೆ ಕ್ರಿಕೋವಾ ನೋಡಿ ಎನ್ನುತ್ತೇನೆ. ಮಿಲೆಷ್ತಿ ಮಿಚ್ ದೊಡ್ಡದು ನಿಜ, ಆದರೆ ಜನ ಕೈಯಾರೆ ಕೆಲಸ ಮಾಡುವುದು ನಮಗೆ ಹತ್ತಿರದಿಂದ ಕಂಡದ್ದು ಕ್ರಿಕೋವಾದಲ್ಲಿ. ಅರ್ಧ ದಿನ ಮಿಕ್ಕಿದರೆ ಯಾವುದಾದರೂ ಹಳ್ಳಿಗೆ ಹೋಗಿ, ಬೆಚ್ ತೋರಿಸಿ ಎಂದು ಕೇಳಿ. ಅಪ್ಪನ ಪ್ರಕಾರ ಮೊದಲು ನೋಡಬೇಕಾದ್ದೇ ಅದು.